ಬಲಮೂಲೆಯ ಬಟ್ಟೆತುಂಡು

ಆನ್ಸೆಲ್ಮ್ ಗಾರಿನೊ ಬರೆದ ರಾಣಿಯರಿಗೆ ಲಂಗದೊಳಗೆ ಮೊಣಕಾಲಿರುತ್ತಿತ್ತು. ಇದೇನು ಮಹಾ ಸಂಗತಿ ಅನ್ನಬೇಡಿ. ಪ್ಯಾರಿಸ್ಸಿನ ಬೇರೆ ನಾಟಕಶಾಲೆಗಳಿಗೆ ಉಡುಪಿನ ಚಿತ್ರ ಬರೆದುಕೊಡುವವರು ಒಂದು ತಲೆ, ಎರಡು ತೋಳು, ಕೆಳಗೆ ಗಂಟೆಯಂಥ ಒಂದು ಲಂಗ ಗೀಚಿ, ಮೇಲೆ ಎರಡು ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಿದ್ದರು. ಹೊಲಿಯುವವರಿಗೆ ಅಷ್ಟಿದ್ದರೆ ಧಾರಾಳವಾಯಿತು. ಗಾರಿನೊ ಹಾಗೆ ಮಾಡುವ ಆಸಾಮಿಯಲ್ಲ. ಆತ ಲಲಿತಕಲಾ ಶಾಲೆಯಲ್ಲಿ ಏಳು ವರ್ಷ ಅಸ್ಥಿಪಂಜರದ ಮುಂದೆ ಕೂತು ಒಂದೊಂದು ಮೂಳೆಯನ್ನೂ ಬರೆದು ಕಲಿತವನು. ರೋಮಿಗೆ ಕಳಿಸುವ ದೊಡ್ಡ ಬಹುಮಾನಕ್ಕೆ ಎರಡು ಸಲ ನಿಂತು ಎರಡು ಸಲವೂ ಕೂದಲೆಳೆಯಲ್ಲಿ ಕಳೆದುಕೊಂಡವನು. ಅವನ ಜಲವರ್ಣದ ಹಾಳೆಯಲ್ಲಿ ರಾಣಿ ಅರ್ಧ ತಿರುಗಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಒಂದು ಕೈ ಎತ್ತಿ ನಿಂತಿರುತ್ತಿದ್ದಳು. ಹಿಂದೆ ಸರಿಸಿದ ಪರದೆ, ಎಡಗಡೆಯಿಂದ ಬೀಳುವ ಬೆಳಕು, ಬೆರಳಿಗೆ ಉಗುರು, ಬಟ್ಟೆಯೊಳಗೆ ಮೊಣಕಾಲು, ಎಲ್ಲ ಇರುತ್ತಿತ್ತು.

ಕೆಳಗೆ ಬಲಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಸಾಲು: ಗಾರಿನೊ, ಲಾಮೊನಿಯೆಯವರ ಶಿಷ್ಯ. ದೊಡ್ಡ ಕಲಾಪ್ರದರ್ಶನಕ್ಕೆ ಚಿತ್ರ ಕಳಿಸುವವರು ಹೀಗೆ ಗುರುವಿನ ಹೆಸರು ಹಾಕುವುದು ರೂಢಿ. ದರ್ಜಿಗಳ ಕೈಗೆ ಹೋಗುವ ಹಾಳೆಗೆ ಯಾರೂ ಹಾಕುವುದಿಲ್ಲ. ಗಾರಿನೊ ಹಾಕುತ್ತಿದ್ದ.

ಆ ಸಾಲನ್ನು ಮೊದಲ ದಿನ ಬಿಟ್ಟರೆ ಯಾರೂ ಓದಿದ್ದಿಲ್ಲ. ಕಾರಣ, ನಾಲ್ಕನೆಯ ಮಹಡಿಯ ಹೊಲಿಗೆಮನೆಯ ಯಜಮಾನಿ ಝೆಲಿ ರುಕೆತ್. ಹಾಳೆ ಬಂದ ಕೂಡಲೇ ಅವಳು ಅದನ್ನು ಕಿಟಕಿಯ ಪಕ್ಕದ ಹಲಗೆಗೆ ಮೊಳೆ ಹೊಡೆದು ನಿಲ್ಲಿಸುತ್ತಿದ್ದಳು. ಬಟ್ಟೆ ತಂದ ಮೇಲೆ ಅದರದೊಂದು ಚೂರು ಕತ್ತರಿಸಿ ಬಲಮೂಲೆಗೆ ಗುಂಡುಪಿನ್ನು ಚುಚ್ಚುತ್ತಿದ್ದಳು. ಅಲ್ಲಿಗೆ ಲಾಮೊನಿಯೆಯವರು ಮುಚ್ಚಿಹೋಗುತ್ತಿದ್ದರು. ಹೊಲಿಯುವ ಹೆಂಗಸರಿಗೆ ಅದೊಂದು ತಮಾಷೆ. ಗುರುಗಳಿಗೆ ಈ ಸಲ ಸ್ಯಾಟಿನ್ನೋ ಮಖಮಲ್ಲೋ ಅಂತ ಕೇಳಿ ನಗುತ್ತಿದ್ದರು. ನಾಟಕ ಮುಗಿಯುವವರೆಗೆ ಹಾಳೆ ಹಲಗೆ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ.

ಝೆಲಿಗೆ ಐವತ್ತೊಂದು ವಯಸ್ಸು. ದಪ್ಪನೆ ಮೈ, ಚುರುಕು ಕಣ್ಣು, ಮಣಿಕಟ್ಟಿಗೆ ಯಾವಾಗಲೂ ಕಟ್ಟಿಕೊಂಡ ಪಿನ್ನಿನ ದಿಂಬು. ಅವಳ ಹತ್ತಿರ ಒಂದು ಗುಟ್ಟಿತ್ತು. ಹತ್ತೊಂಬತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬದುಕಿದ್ದಳು.

ಗಾರಿನೊ ಈ ನಾಟಕಶಾಲೆಗೆ ಬರೆದ ಮೊದಲನೆಯ ಚಿತ್ರ ಒಂದು ನೀಲಿ ಗೌನಿನದು. ಝೆಲಿ ಆಗಷ್ಟೇ ಯಜಮಾನಿಯಾಗಿದ್ದಳು. ಹಾಳೆಯ ನೀಲಿಗೆ ಎಳೆಯಷ್ಟೂ ವ್ಯತ್ಯಾಸವಿಲ್ಲದ ರೇಷ್ಮೆಯನ್ನು ಹುಡುಕಿ ತಂದು ಹೊಲಿದಳು. ಬ್ಲಾಂದಿನ್ ಎಂಬ ಹೊಸ ನಟಿ ಅದನ್ನು ತೊಟ್ಟು ರಂಗದ ಅಂಚಿನ ಗ್ಯಾಸ್‌ದೀಪಗಳ ಸಾಲಿನ ಮುಂದೆ ಬಂದು ನಿಂತಳು. ಗ್ಯಾಸಿನ ಬೆಳಕು ಹಳದಿ. ನೀಲಿಗೆ ಹಳದಿ ಬಿದ್ದರೆ ಏನಾಗುತ್ತದೆಂದು ಬಣ್ಣ ಕಲೆಸುವ ಯಾರನ್ನಾದರೂ ಕೇಳಿ ನೋಡಿ. ಗೌನು ಹಸಿರಾಗಿ ನಿಂತಿತು. ರಂಗದ ಮೇಲೆ ಹಸಿರು ತೊಟ್ಟವರಿಗೆ ಕೇಡು ತಪ್ಪಿದ್ದಲ್ಲ ಎಂಬುದು ಇಲ್ಲಿ ಕಸ ಗುಡಿಸುವವನಿಗೂ ಗೊತ್ತು. ಬ್ಲಾಂದಿನ್ ಕೆಳಗೆ ನೋಡಿಕೊಂಡಳು, ಕಿಟಾರನೆ ಕಿರುಚಿದಳು, ಗುಂಡಿಗಳನ್ನು ಕಿತ್ತೆಸೆದು ಒಳಲಂಗದಲ್ಲೇ ಓಡಿದಳು. ಆಗಿನ ಮಾಲೀಕ ಗಾರಿನೊನನ್ನು ಹಿಡಿದು ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದ. ಗಾರಿನೊ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನ ನೀಲಿ ನೀಲಿಯೇ, ನನ್ನ ನೀಲಿ ನೀಲಿಯೇ ಅಂತ ಅದನ್ನೇ ಹೇಳುತ್ತ ನಿಂತಿದ್ದ. ಅವನ ಕೋಣೆಗೆ ಉತ್ತರದ ಕಿಟಕಿ. ಹಗಲು ಬೆಳಕಲ್ಲಿ ಬರೆಯುವುದನ್ನೇ ಅವನಿಗೆ ಕಲಿಸಿದ್ದರು. ಗ್ಯಾಸಿನ ವಿಷಯ ಯಾವ ಗುರು ಹೇಳಿಕೊಟ್ಟಾನು?

ಝೆಲಿ ನೋಡಲಾರದೆ ನಡುವೆ ಬಂದಳು. ಅಂಗಡಿಯವನು ಬೇರೆ ಥಾನು ಕೊಟ್ಟುಬಿಟ್ಟ, ತಪ್ಪು ನನ್ನದು ಅಂದಳು. ಎರಡು ದಿನದಲ್ಲಿ ಬೇರೆ ಗೌನು ಹೊಲಿದಳು. ಹಗಲಲ್ಲಿ ನೋಡಿದರೆ ಅದು ನೇರಳೆಗೆ ವಾಲಿದ ಬಣ್ಣ. ಗ್ಯಾಸಿನ ಮುಂದೆ ಹಿಡಿದರೆ ಗಾರಿನೊನ ಹಾಳೆಯ ಅಪ್ಪಟ ನೀಲಿ. ಮೊದಲ ಪ್ರದರ್ಶನ ಮುಗಿದ ಮೇಲೆ ಗಾರಿನೊ ರಂಗದ ಹಿಂದೆ ಬಂದು ಎದೆಯುಬ್ಬಿಸಿ, ನೋಡಿದೆಯಾ ಝೆಲಿ, ಹಾಳೆಯಲ್ಲಿ ಇದ್ದ ಹಾಗೇ ಹೊಲಿದರೆ ಎಷ್ಟು ಚೆನ್ನಾಗಿ ಬರುತ್ತದೆ ಅಂದ. ಹೌದು ಮೊಸ್ಯೂ ಅಂದಳು ಝೆಲಿ.

ಅಂದಿನಿಂದ ಪ್ರತಿ ನಾಟಕಕ್ಕೂ ಇದೇ ಕಥೆ. ಹೊಲಿಗೆಮನೆಯಲ್ಲಿ ಬೆಂಕಿಯ ಕಿಡಿಯೂ ಕೂಡದು. ಬಲೆಬಟ್ಟೆ, ಮಸ್ಲಿನ್ನು ರಾಶಿ ಬಿದ್ದಿರುವ ಜಾಗ. ಸೂರ್ಯ ಇಳಿದರೆ ಬಾಗಿಲು ಹಾಕುವುದೇ. ಆದ್ದರಿಂದ ಝೆಲಿ ಹಲಗೆಯ ಮೇಲಿನ ಹಾಳೆಯನ್ನು ಕಿಟಕಿಯ ಬೆಳಕಲ್ಲಿ ಚೆನ್ನಾಗಿ ನೋಡಿ, ಬಣ್ಣವನ್ನು ಕಣ್ಣಲ್ಲಿ ತುಂಬಿಕೊಂಡು, ಬಟ್ಟೆಯ ಚೂರುಗಳನ್ನು ಸೆರಗಲ್ಲಿ ಕಟ್ಟಿದಂತೆ ಏಪ್ರನ್ನಿನಲ್ಲಿ ಸುತ್ತಿಕೊಂಡು ನಾಲ್ಕು ಮಹಡಿ ಇಳಿಯುತ್ತಿದ್ದಳು. ರಂಗದ ಹಿಂದೆ ಮೆಟ್ಟಿಲ ಕೆಳಗೊಂದು ಗೂಡಿತ್ತು, ಅದರಲ್ಲೊಂದು ಗ್ಯಾಸಿನ ಬತ್ತಿ. ಅಲ್ಲಿ ಒಬ್ಬಳೇ ನಿಂತು, ಯಾವ ಚೂರು ಹಾಳೆಯ ಬಣ್ಣಕ್ಕೆ ಬರುತ್ತದೋ ಅದನ್ನು ಆರಿಸುತ್ತಿದ್ದಳು. ಹಳದಿಗೆ ಇನ್ನಷ್ಟು ಗಾಢ ಹಳದಿ, ನೀಲಿಗೆ ನೇರಳೆ ಕಲೆತ ನೀಲಿ, ನೇರಳೆಗೆ ಕೆಂಪು ಬೆರೆತ ನೇರಳೆ. ಗಾರಿನೊ ಹಾಳೆ ಕೊಡಲು ಬಿಟ್ಟರೆ ಹೊಲಿಗೆಮನೆಗೆ ಬರುತ್ತಿರಲಿಲ್ಲ. ಸೀದಾ ಪ್ರದರ್ಶನಕ್ಕೆ ಬಂದು ತನ್ನ ಬಣ್ಣಗಳನ್ನು ನೋಡಿ ಹಿಗ್ಗಿ ಹೋಗುತ್ತಿದ್ದ. ಈಗಿನ ಮಾಲೀಕ ಬ್ರೆಸೋಲ್‌ಗೆ ಮಂಡಿನೋವು, ನಾಲ್ಕನೆಯ ಮಹಡಿ ಹತ್ತುವ ಪೈಕಿಯಲ್ಲ. ಆದರೆ ಗೋಡೆಯ ಮೇಲೆ ಅವನ ಸಹಿಯ ಒಂದು ಕಾಗದವಿತ್ತು. ಹಾಳೆಯಲ್ಲಿಲ್ಲದ ಬಣ್ಣದ ಬಟ್ಟೆ ತಂದವರು ಅದೇ ದಿನ ಕೆಲಸ ಬಿಡತಕ್ಕದ್ದು. ಝೆಲಿ ದಿನಾ ಬೆಳಿಗ್ಗೆ ಆ ಕಾಗದದ ಧೂಳು ಒರೆಸಿ ತನ್ನ ಕೆಲಸಕ್ಕೆ ಕೂರುತ್ತಿದ್ದಳು. ಧೈರ್ಯ ಅಂದರೆ ಇದು!

ಈಗ ಹೇಳುವ ಮಾತು ಸಾವಿರದ ಎಂಟುನೂರ ಎಪ್ಪತ್ತೆಂಟರ ಅಕ್ಟೋಬರಿನದು. ಹೊಸ ನಾಟಕ ಬರುವುದಿತ್ತು. ಮುದುಕ ರಾಜನಿಗೆ ಕೊಟ್ಟು ಮದುವೆ ಮಾಡುವ ಒಬ್ಬ ರಾಜಕುಮಾರಿಯ ಕಥೆ. ರಾಜಕುಮಾರಿ ಬ್ಲಾಂದಿನ್, ಹತ್ತೊಂಬತ್ತು ವರ್ಷ ಕಳೆದರೂ ಗ್ಯಾಸಿನ ಮುಂದೆ ಅವಳಿಗೆ ಇಪ್ಪತ್ತೇ. ಈ ನಡುವೆ ಒಂದು ಚಿತ್ರಪತ್ರಿಕೆಗೆ ನಗೆಚಿತ್ರ ಬರೆಯುವ ತರುಣನೊಬ್ಬ ಬ್ರೆಸೋಲ್‌ನ ಕೋಣೆಗೆ ಎಡತಾಕುತ್ತಿದ್ದ. ಗಾರಿನೊನ ಕೈ ಹಳತಾಯಿತು, ಇದೊಂದು ನಾಟಕ ನೋಡುತ್ತೇನೆ, ಕೆಟ್ಟರೆ ಅವನಿಗೆ ಕೈಮುಗಿದು ಕಳಿಸುತ್ತೇನೆ ಅಂತ ಬ್ರೆಸೋಲ್ ನಾಲ್ಕು ಜನರ ಮುಂದೆಯೇ ಹೇಳಿದ್ದ. ಮಾತು ಹೊಲಿಗೆಮನೆಗೂ ಬಂತು. ಝೆಲಿಗೆ ಅವತ್ತು ಸೂಪು ರುಚಿಸಲಿಲ್ಲ. ಗಾರಿನೊನಿಗೆ ಅರವತ್ತೆರಡು. ಅವನ ದೊಡ್ಡ ಚಿತ್ರಗಳನ್ನು ಪ್ರದರ್ಶನದವರು ವರ್ಷ ವರ್ಷವೂ ವಾಪಸು ಕಳಿಸುತ್ತಿದ್ದರು; ಅವು ಅವನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದವು. ಅವನ ಬಣ್ಣವನ್ನು ಜನ ನೋಡುತ್ತಿದ್ದ ಜಾಗ ಲೋಕದಲ್ಲಿ ಇದೊಂದೇ. ಅದೂ ಹೋದರೆ ಮನುಷ್ಯ ಉಳಿಯುವುದಿಲ್ಲ ಅನ್ನಿಸಿತು ಅವಳಿಗೆ.

ಮದುವೆಯ ಗೌನಿನ ಹಾಳೆಯನ್ನು ಗಾರಿನೊ ತಾನೇ ಹೊತ್ತು ತಂದ. ಕೋಟಿನಿಂದ ಗ್ಯಾಸಿನ ವಾಸನೆ ಬರುತ್ತಿತ್ತು. ಮೆಟ್ಟಿಲ ದೀಪ ಸೋರುತ್ತಿರಬೇಕು ಅಂದುಕೊಂಡಳು ಝೆಲಿ. ಹಾಳೆ ಬಿಚ್ಚಿದರೆ ರಾಜಕುಮಾರಿ ಎಂದಿನಂತೆ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತಿದ್ದಳು, ತಲೆ ತುಸು ಬಾಗಿತ್ತು, ಕೈ ಮಾತ್ರ ಬೇಡ ಅನ್ನುವ ಹಾಗೆ ಹಿಂದಕ್ಕೆ ಸರಿದಿತ್ತು. ಚಿತ್ರವೇನೋ ಕಣ್ಣು ಕೀಳದೆ ನೋಡುವ ಹಾಗಿತ್ತು. ಗೌನಿನ ಬಣ್ಣ ನೇರಳೆ.

"ಹಾಳೇಲಿ ಹೇಗಿದೆಯೋ ಹಾಗೇ ಹೊಲಿ, ಝೆಲಿ," ಅಂದ ಗಾರಿನೊ.

ಹತ್ತೊಂಬತ್ತು ವರ್ಷದಿಂದ ಇದೇ ಮಾತು. ಝೆಲಿಯ ಉತ್ತರವೂ ಅದೇ. "ಯಾವತ್ತು ಬೇರೆ ಥರ ಹೊಲಿದಿದ್ದೀನಿ, ಮೊಸ್ಯೂ?"

ಆತ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು ಟೋಪಿ ತಿರುಗಿಸಿದ. "ಆದ್ರೂ ಇನ್ನೊಂದ್ ಸಲ ಹೇಳ್ತೀನಿ. ಇದ್ದ ಹಾಗೇ. ನಿಧಾನವಾಗಿ ನೋಡು, ಮೂಲೆಮೂಲೆ ನೋಡು."

ಪಾಪ, ವಯಸ್ಸಾಯಿತು, ಹೇಳಿದ್ದನ್ನೇ ಹೇಳುತ್ತಾನೆ ಅಂದುಕೊಂಡು ಝೆಲಿ ಹಾಳೆಗೆ ಮೊಳೆ ಹೊಡೆದಳು.

ಮದುವಣಗಿತ್ತಿಗೆ ನೇರಳೆ ಯಾಕೆ ಎಂಬುದು ಅವಳಿಗೂ ಹೊಳೆಯಲಿಲ್ಲ. ಹೊಲಿಯುವವರಿಗೆ ನಾಟಕ ಓದಲು ಯಾರು ಕೊಡುತ್ತಾರೆ? ಬರುವುದು ಹಾಳೆ ಮಾತ್ರ. ಪಕ್ಕದ ಕುರ್ಚಿಯ ಫಿಲೊಮೆನ್ ಬಾಯಿ ಸುಮ್ಮನಿರದ ಹೆಂಗಸು. ಅವಳೇ ತೆಗೆದಳು ಮಾತು.

"ಮದುವೆ ಹೆಣ್ಣಿಗೆ ಅರೆಸೂತಕದ ಬಣ್ಣಾನಾ, ಮದಾಮ್? ನಮ್ಮ ಮಾವ ತೀರ್ಕೊಂಡು ವರ್ಷ ಆದ್ಮೇಲೆ ನಮ್ಮತ್ತೆ ಕಪ್ಪು ಬಿಟ್ಟು ಇದೇ ಬಣ್ಣ ತೊಟ್ಟಿದ್ರು."

"ಮುದುಕನ್ನ ಕಟ್ಕೊಳ್ಳೋಳಿಗೆ ಮದುವೇನೂ ಸೂತಕಾನೂ ಒಂದೇ ಕಣೆ. ಓದಿದೋರು ಹಂಗೇ ಯೋಚನೆ ಮಾಡೋದು. ನೀನು ಸೂಜಿ ನೋಡು."

ಬೈದದ್ದೇನೋ ಬೈದಳು, ಒಳಗೆ ಅಳುಕಿತ್ತು. ಅಳುಕಿದ್ದಕ್ಕೇ ಇನ್ನೂ ಜಾಗ್ರತೆಯಾಗಿ ಕೆಲಸ ಮಾಡಿದಳು. ಈ ಸಲ ಬಣ್ಣ ಒಂದಿಷ್ಟು ಹೆಚ್ಚುಕಡಿಮೆಯಾದರೂ ಗಾರಿನೊನ ಅನ್ನಕ್ಕೆ ಕಲ್ಲು. ಬಟ್ಟೆಬೀದಿಯ ಅಂಗಡಿ ಅಂಗಡಿ ಅಲೆದು ಹನ್ನೊಂದು ಚೂರು ತಂದಳು. ಗೂಡಿನಲ್ಲಿ ನಿಂತು ಒಂದೊಂದನ್ನೂ ಗ್ಯಾಸಿಗೆ ಹಿಡಿದಳು. ಕೊನೆಗೆ ದ್ರಾಕ್ಷಾರಸದ ಗಸಿಯಂಥ ಕೆಂಪು ಬೆರೆತ ಒಂದು ಸ್ಯಾಟಿನ್ನು ಹಾಳೆಯ ನೇರಳೆಗೆ ಸರಿಯಾಗಿ ಕೂತಿತು. ಅಬ್ಬ ಅಂತ ಉಸಿರು ಬಿಟ್ಟು, ಅದರ ಚೂರನ್ನು ಬಲಮೂಲೆಗೆ ಚುಚ್ಚಿದಳು. ಗೌನು ಹೊಲಿದು ಮುಗಿಸುವಷ್ಟರಲ್ಲಿ ಬೆರಳ ತುದಿಗಳೆಲ್ಲ ಒರಟಾಗಿದ್ದವು. ಅಳತೆ ನೋಡಲು ಹೋದಾಗ ಬ್ಲಾಂದಿನ್ ಹಗಲು ಬೆಳಕಲ್ಲಿ ಆ ಕೆಂಪನ್ನು ಕಂಡಳು, ಏನೂ ಕೇಳಲಿಲ್ಲ. ಝೆಲಿಯ ಬಟ್ಟೆಗಳು ಹಗಲಲ್ಲಿ ಒಂಥರಾ ಇರುತ್ತವೆಂದು ಅವಳಿಗೆ ಅಭ್ಯಾಸವಾಗಿತ್ತು.

ಶನಿವಾರ ಮೊದಲ ಪ್ರದರ್ಶನ. ಗುರುವಾರ ಮಧ್ಯಾಹ್ನ ಎಲ್ಲರೂ ಪೂರ್ತಿ ಉಡುಪಿನಲ್ಲಿ ಆಡಿ ನೋಡುವ ತಾಲೀಮು. ಬ್ರೆಸೋಲ್ ಮೂರನೆಯ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಆ ನಗೆಚಿತ್ರದ ತರುಣ. ಗಾರಿನೊ ಒಂದು ಕಂಬದ ಹತ್ತಿರ ಒಬ್ಬನೇ ನಿಂತಿದ್ದ. ಗಡ್ಡ ಕತ್ತರಿಸಿಕೊಂಡಿದ್ದ, ಒಗೆದ ಕಾಲರು ಹಾಕಿಕೊಂಡಿದ್ದ. ಝೆಲಿ ಪಕ್ಕದ ಪರದೆಯ ಮರೆಯಲ್ಲಿದ್ದಳು. ಗ್ಯಾಸಿನವನು ದೀಪಗಳ ಸಾಲನ್ನು ಏರಿಸಿದ. ಮದುವೆಯ ವಾದ್ಯ ಶುರುವಾಯಿತು, ಬ್ಲಾಂದಿನ್ ಮೆಟ್ಟಿಲ ಮೇಲೆ ಕಾಣಿಸಿಕೊಂಡಳು.

ಗೌನು ಝೆಲಿ ಅಂದುಕೊಂಡ ನೇರಳೆಗೇ ಬಂದಿತ್ತು. ಅವಳು ಸಮಾಧಾನದಿಂದ ಗಾರಿನೊನ ಮುಖ ನೋಡಿದಳು. ಅದು ಬಿಳಿಚಿಕೊಂಡಿತ್ತು.

ವಾದ್ಯದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ರಾಜನ ಪಾತ್ರದ ಮುದುಕ ನಟ ಕಿರೀಟ ತೆಗೆದು ಎದೆಗೆ ಹಿಡಿದುಕೊಂಡು, ತಗ್ಗಿದ ದನಿಯಲ್ಲಿ, ಯಾರು ತೀರ್ಕೊಂಡ್ರಮ್ಮಾ ಅಂತ ಬ್ಲಾಂದಿನ್‌ಳನ್ನು ಕೇಳಿದ. ಹಿಂದೆ ಯಾರೋ ಕಿಸಕ್ಕೆಂದರು.

ಬ್ರೆಸೋಲ್ ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು. "ಮೊಸ್ಯೂ ಗಾರಿನೊ, ನಾಟಕದಲ್ಲಿ ಏನು ಬರೆದಿದೆ? ರಾಜಕುಮಾರಿ ಆಕಾಶಾನೇ ತೊಟ್ಟು ಬಂದಳು ಅಂತ ಬರೆದಿದೆ. ಇದು ಯಾವೂರಿನ ಆಕಾಶ?"

ಆಕಾಶ ಅನ್ನುವ ಮಾತು ಝೆಲಿಯ ಕಿವಿಗೆ ಬಿತ್ತು. ಹಾಗಾದರೆ ನೀಲಿಯಾಗಬೇಕಿತ್ತು. ಆದರೆ ಹಾಳೆಯಲ್ಲಿದ್ದದ್ದು ನೇರಳೆ. ಅಯ್ಯೋ ದೇವರೇ, ಮನುಷ್ಯನ ಕಣ್ಣು ಹೋಗಿದೆ ಅನ್ನಿಸಿತು.

ಬ್ರೆಸೋಲ್ ಅದನ್ನೇ ಬಾಯಿಬಿಟ್ಟು ಹೇಳಿದ. "ನಿಮ್ಮ ಕಣ್ಣು ಹೋಗಿದೆ, ಗಾರಿನೊ. ನನಗೆ ಬೇಜಾರಿದೆ. ಇವತ್ತಿಗೆ ಸಾಕು."

ಗಾರಿನೊ ಗೌನನ್ನು ನೋಡಿದ. ಆಮೇಲೆ ತಿರುಗಿ ಪರದೆಯ ಮರೆಯಲ್ಲಿದ್ದ ಝೆಲಿಯನ್ನು, ಅವಳ ಮಣಿಕಟ್ಟಿನ ಪಿನ್ನಿನ ದಿಂಬನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಬ್ರೆಸೋಲ್ ಕಡೆ ತಿರುಗಿ ಒಂದೇ ಮಾತು ಹೇಳಿದ.

"ಇರಬಹುದು."

ಆ ಮಾತು ಝೆಲಿಯನ್ನು ಕೊಂದುಹಾಕಿತು. ಮುಂದೆ ಬಂದು, ಐದು ನಿಮಿಷ ಕೊಡಿ ಮೊಸ್ಯೂ, ಯಾರೂ ಹೋಗಬೇಡಿ ಅಂತ ಬ್ರೆಸೋಲ್‌ಗೆ ಹೇಳಿ, ಲಂಗ ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದಳು.

ನಾಲ್ಕು ಮಹಡಿ ಹತ್ತುವವರೆಗೆ ತಲೆಯಲ್ಲಿ ಒಂದೇ ಸಂಕಟ. ಬಟ್ಟೆ ಆರಿಸಿದ್ದು ನಾನು ಅಂತ ಹೇಳಬಹುದು. ಯಾಕೆ ಹಾಳೆಯ ಬಣ್ಣ ಬಿಟ್ಟು ಬೇರೆ ತಂದೆ ಅಂತ ಕೇಳುತ್ತಾರೆ. ಗ್ಯಾಸಿಗೆ ಸರಿಮಾಡಿದೆ ಅನ್ನಬೇಕು. ಮುಂಚೆಯೂ ಹೀಗೇ ಮಾಡುತ್ತಿದ್ದೆಯಾ ಅಂತ ಕೇಳುತ್ತಾರೆ. ಹಳೆಯ ಹಾಳೆಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆಸುತ್ತಾರೆ. ಒಂದೊಂದರ ಮೂಲೆಯಲ್ಲೂ ಚಿತ್ರದ ಬಣ್ಣಕ್ಕೆ ಸಂಬಂಧವಿಲ್ಲದ ಒಂದೊಂದು ಚೂರು. ಹತ್ತೊಂಬತ್ತು ವರ್ಷ ಜನ ಚಪ್ಪಾಳೆ ತಟ್ಟಿದ್ದು ತನ್ನ ಬಣ್ಣಕ್ಕಲ್ಲ ಅಂತ ಆತನಿಗೆ ಆ ತರುಣನೆದುರಲ್ಲೇ ಗೊತ್ತಾಗುತ್ತದೆ. ಕೆಲಸ ಉಳಿಸಿಕೊಟ್ಟು ಮಾನ ಕಿತ್ತುಕೊಂಡ ಹಾಗೆ.

ಮೂರನೆಯ ಮಹಡಿಯಲ್ಲಿ ನಿಂತು ಸುಧಾರಿಸಿಕೊಂಡಳು. ಬೇಡ. ನನ್ನ ಕಣ್ಣೇ ಹೋಗಿದೆ ಅನ್ನುತ್ತೇನೆ. ಹಾಳೆ ಸರಿಯಿದೆ, ನನಗೇ ಬಣ್ಣ ತಿಳಿಯಲಿಲ್ಲ ಅನ್ನುತ್ತೇನೆ. ಕಣ್ಣು ಹೋದ ಯಜಮಾನಿಗೆ ಪ್ಯಾರಿಸ್ಸಿನ ಯಾವ ಹೊಲಿಗೆಮನೆಯೂ ಬಾಗಿಲು ತೆರೆಯುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಹೋಗಲಿ. ತಂಗಿ ಇದ್ದಾಳೆ ರೂಆನ್‌ನಲ್ಲಿ, ಕೋಳಿ ಸಾಕಿದರಾಯಿತು. ಹಾಳೆಯ ಬಣ್ಣ ನೇರಳೆ ಇದೆಯಲ್ಲ ಅಂದರೆ? ದೂರದಿಂದ ತೋರಿಸಿದರಾಯಿತು. ಸುಳ್ಳಿಗೆ ತಯಾರಿ ಬೇಡವೇ?

ಹೊಲಿಗೆಮನೆಯ ಹೆಂಗಸರು ಬಾಯಿ ಬಿಟ್ಟು ನೋಡುತ್ತಿದ್ದಂತೆ ಅವಳು ಕತ್ತರಿಯ ತುದಿಯಿಂದ ಮೊಳೆ ಕಿತ್ತಳು. ನಾಟಕ ಮುಗಿಯುವ ಮುಂಚೆ ಹಾಳೆ ಹಲಗೆ ಬಿಟ್ಟು ಇಳಿದದ್ದು ಅದೇ ಮೊದಲು.

ಕೆಳಗೆ ಬಂದು ರಂಗದ ನಡುವೆ, ಬ್ಲಾಂದಿನ್‌ಳ ಪಕ್ಕದಲ್ಲಿ ನಿಂತಳು. ಮಾತು ಬಾಯಲ್ಲೇ ಸಿದ್ಧವಿತ್ತು. "ಮೊಸ್ಯೂ ಬ್ರೆಸೋಲ್, ತಪ್ಪು ಚಿತ್ರದ್ದಲ್ಲ. ನನ್ನ ಕಣ್ಣು ಮಂಜಾಗಿದೆ, ಯಾರಿಗೂ ಹೇಳಿರಲಿಲ್ಲ. ಬಣ್ಣ ತಿಳೀದೆ ಬೇರೆ ಬಟ್ಟೆ ತಂದೆ. ಹಾಳೇಲಿ..."

ಹಾಳೆಯನ್ನು ದೀಪಗಳ ಸಾಲಿನ ಕಡೆ ತಿರುಗಿಸಿದ್ದಳು, ಹಾಗೇ ಬಗ್ಗಿ ನೋಡಿದಳು, ಮಾತು ನಿಂತುಹೋಯಿತು.

ಗೌನು ನೀಲಿಯಾಗಿತ್ತು. ಮಳೆ ಬಿಟ್ಟ ಮಾರನೆಯ ಬೆಳಗಿನ ಆಕಾಶದ ಅಪ್ಪಟ ನೀಲಿ. ಚಿತ್ರದ ಮುಖ, ಕೈ, ಪರದೆ ಎಲ್ಲವೂ ಗ್ಯಾಸಿನ ಮುಂದೆ ಈಗಷ್ಟೇ ಉಸಿರಾಡಿದ ಹಾಗಿತ್ತು. ಹಗಲು ಬೆಳಕಲ್ಲಿ ಬರೆದ ಬಣ್ಣ ಗ್ಯಾಸಿನಲ್ಲಿ ಹೀಗಾಗುವುದಿಲ್ಲ, ಸಾಧ್ಯವೇ ಇಲ್ಲ. ಇದನ್ನು ಗ್ಯಾಸಿನ ಬೆಳಕಲ್ಲೇ ಕೂತು ಬರೆದಿದ್ದಾನೆ. ಸರಿಮಾಡಿಯೇ ತಂದುಕೊಟ್ಟಿದ್ದ ಬಣ್ಣವನ್ನು ತಾನು ಮತ್ತೊಂದು ಸಲ ಸರಿಮಾಡಿ ಹಾಳುಮಾಡಿದೆ ಅಂತ ಝೆಲಿಗೆ ಆಗ ತಿಳಿಯಿತು.

ಬ್ರೆಸೋಲ್ ಎದ್ದು ಬಂದು ಹಾಳೆ ನೋಡಿದ, ಗೌನು ನೋಡಿದ. ಚಿತ್ರ ಸರಿಯಾಗೇ ಇದೆಯಲ್ಲ ಅಂದ. ನಿನ್ನ ಕಣ್ಣು ಯಾವಾಗಿನಿಂದ ಹೀಗೆ ಅಂತ ಝೆಲಿಯನ್ನು ಕೇಳಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಕಂಬದ ಹತ್ತಿರದಿಂದ ಗಾರಿನೊ ಮಾತಾಡಿದ.

"ಅವಳ ಕಣ್ಣಿಗೇನೂ ಆಗಿಲ್ಲ. ಇಡೀ ಪ್ಯಾರಿಸ್ಸಲ್ಲಿ ಅಂಥ ಕಣ್ಣಿಲ್ಲ."

"ಮೊಸ್ಯೂ, ಬೇಡ," ಅಂದಳು ಝೆಲಿ.

"ಇರು, ಹೇಳ್ತೀನಿ. ಹತ್ತೊಂಬತ್ತು ವರ್ಷ ಸುಮ್ಮನಿದ್ದೆಯಲ್ಲ, ಈಗಲೂ ಸುಮ್ಮನಿರು."

ನಿಧಾನವಾಗಿ ರಂಗದ ಕಡೆ ಬರುತ್ತ ಆತ ಎಲ್ಲವನ್ನೂ ಹೇಳಿದ. ಮೇ ತಿಂಗಳಲ್ಲಿ ಉಡುಪುಗಳನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದರಂತೆ. ಆತ ಆ ದಾರಿಯಲ್ಲಿ ಬಂದವನು ತನ್ನ ಹಳೆಯ ನಾಟಕದ ನೀಲಿ ನಿಲುವಂಗಿಯನ್ನು ಹುಡುಕಿದರೆ ಕಾಣಲಿಲ್ಲ. ಅದರ ಹೊಲಿಗೆಯೇ ಇರುವ ಒಂದು ನೇರಳೆ ನಿಲುವಂಗಿ ತೂಗುತ್ತಿತ್ತು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಒಂದೂ ತಾನು ಬರೆದ ಬಣ್ಣದಲ್ಲಿರಲಿಲ್ಲ. ಅರ್ಧ ಗಂಟೆ ಅಲ್ಲೇ ಕಲ್ಲಿನ ಮೇಲೆ ಕೂತೆ ಅಂದ. ಮೊದಲು ಸಿಟ್ಟು ಬಂತು, ಆಮೇಲೆ ಯೋಚಿಸಿದೆ, ಆಮೇಲೆ ಅತ್ತೆ ಅಂದ. ಅವತ್ತಿನಿಂದ ಐದು ತಿಂಗಳು, ಆಟವಿಲ್ಲದ ಹೊತ್ತಿನಲ್ಲಿ ಗ್ಯಾಸಿನವನಿಗೆ ದಮ್ಮಯ್ಯ ಹಾಕಿ, ರಂಗದ ಹಿಂದೆ ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಮೊದಲಿನಿಂದ ಬಣ್ಣ ಕಲಿತೆ ಅಂದ.

"ಹತ್ತೊಂಬತ್ತು ವರ್ಷ ಚಪ್ಪಾಳೆ ಗಿಟ್ಟಿಸಿದೋನು ನಾನು, ಬಣ್ಣ ಅವಳದ್ದು. ಈ ಗೌನಲ್ಲಿ ಅವಳು ಮಾಡಿರೋದು ತಪ್ಪಲ್ಲ, ಅಭ್ಯಾಸ. ಹೊರಗೆ ಹಾಕೋದಾದ್ರೆ ನನ್ನ ಹಾಕಿ. ಗೋಡೆ ಮೇಲಿನ ಕಾಗದ ಅವಳಿಗೆ ಅಂಟಿಸಬೇಡಿ."

ಆಗ ಝೆಲಿಗೆ ಆ 'ಇರಬಹುದು' ಯಾಕೆ ಬಂತೆಂದು ಅರ್ಥವಾಯಿತು. ಅವಳು ಅವನ ಮಾನ ಕಾಯಲು ಮೆಟ್ಟಿಲು ಹತ್ತುತ್ತಿದ್ದಾಗ ಆತ ಅವಳ ಕೆಲಸ ಕಾಯುತ್ತ ಕೆಳಗೆ ನಿಂತಿದ್ದ. ಇಬ್ಬರು ಮುದಿ ಹುಚ್ಚರು! ಅವಳಿಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು.

ಬ್ರೆಸೋಲ್ ಮಂಡಿ ಉಜ್ಜಿಕೊಂಡ. ಪಕ್ಕದ ತರುಣ ಏನೋ ಪಿಸುಗುಟ್ಟಿದ. ಆಗ ಬ್ಲಾಂದಿನ್ ಭಾರದ ಗೌನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮುಂದೆ ಬಂದಳು.

"ಹತ್ತೊಂಬತ್ತು ವರ್ಷದ ಹಿಂದೆ ಗ್ಯಾಸಿನ ಮುಂದೆ ಹಸಿರಾಗಿ ಹೋದ ಗೌನು ತೊಟ್ಟೋಳು ನಾನೇ, ಮೊಸ್ಯೂ ಬ್ರೆಸೋಲ್. ಅದಾದ್ಮೇಲೆ ಒಂದು ದಿನಾನೂ ನನ್ನ ಬಣ್ಣ ನನಗೆ ಕೈಕೊಟ್ಟಿಲ್ಲ. ಈಗ ಅವರಿಗೆ ಬರೆಯೋಕೂ ಬರುತ್ತೆ, ಇವಳಿಗೆ ನೋಡೋಕೂ ಬರುತ್ತೆ. ಅವರಿಬ್ಬರನ್ನ ಬಿಟ್ಟು ಆ ಹುಡುಗ ಗೀಚಿದ್ದನ್ನ ನಾನು ತೊಡಲ್ಲ."

ಬ್ರೆಸೋಲ್ ಇನ್ನೊಮ್ಮೆ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿದ. ಶನಿವಾರ ಸಂಜೆಗೆ ತನಗೆ ಇದೇ ನೀಲಿ ಬೇಕು ಅಂದ. ಸಿಗದಿದ್ದರೆ ಇಬ್ಬರನ್ನೂ ಒಟ್ಟಿಗೇ ಕಳಿಸುತ್ತೇನೆ ಅಂತಲೂ ಅಂದ. ಹೋಗುವಾಗ ತಿರುಗಿ, ಆ ಗೋಡೆಯ ಕಾಗದವನ್ನು ನೀವೇ ಕಿತ್ತುಹಾಕಿಕೊಳ್ಳಿ, ಅದಕ್ಕಾಗಿ ನಾನು ನಾಲ್ಕು ಮಹಡಿ ಹತ್ತಲಾರೆ ಅಂತ ಗೊಣಗಿಕೊಂಡು ಕುಂಟುತ್ತ ಹೋದ.

ಶುಕ್ರವಾರ ಅಂಗಡಿ ಬಾಗಿಲು ತೆರೆಯುವ ಮುಂಚೆಯೇ ಝೆಲಿ ಬಟ್ಟೆಬೀದಿಯಲ್ಲಿದ್ದಳು. ಒಂಬತ್ತಕ್ಕೆ ಏಳು ಚೂರು ಹಿಡಿದುಕೊಂಡು ವಾಪಸು ಬಂದರೆ ಗಾರಿನೊ ಮೆಟ್ಟಿಲ ಕೆಳಗಿನ ಗೂಡಿನ ಮುಂದೆ ಹಾಳೆಯನ್ನು ಎದೆಗವುಚಿಕೊಂಡು ಕಾಯುತ್ತಿದ್ದ. ಗೂಡು ಒಬ್ಬರಿಗೆ ಸಾಲುವಂಥದು. ಇಬ್ಬರೂ ಹೇಗೋ ತೂರಿಕೊಂಡರು. ಝೆಲಿ ಗ್ಯಾಸು ಹೊತ್ತಿಸಿದಳು. ಹತ್ತೊಂಬತ್ತು ವರ್ಷ ಇಲ್ಲೇ ನಿಲ್ಲುತ್ತಿದ್ದೆಯಾ ಅಂತ ಗಾರಿನೊ ಕೇಳಿದ. ಇಲ್ಲೇ ಅಂದಳು. ಕಾಲು ನೋಯುತ್ತಿರಲಿಲ್ಲವೇ ಅಂದ. ನೋಯುತ್ತಿತ್ತು ಅಂದಳು.

ಮೊದಲ ಚೂರು ಹಸಿರಿಗೆ ಹೋಯಿತು. ಎರಡನೆಯದು ಮಂಕು. ಮೂರನೆಯದನ್ನು ನೋಡುವಾಗ ಹಾಳೆಯ ಬಲಮೂಲೆಯಲ್ಲಿ ಇನ್ನೂ ಚುಚ್ಚಿಕೊಂಡಿದ್ದ ಆ ದ್ರಾಕ್ಷಾರಸದ ಸ್ಯಾಟಿನ್ನು ಕಣ್ಣಿಗೆ ಅಡ್ಡ ಬರುತ್ತಿತ್ತು. ಝೆಲಿ ಗುಂಡುಪಿನ್ನು ಕಿತ್ತು ಅದನ್ನು ತೆಗೆದಳು.

ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲಿತ್ತು. ಅವಳು ಅಕ್ಷರ ಕೂಡಿಸಿಕೊಂಡು ಓದುವವಳು. ಗ್ಯಾಸಿಗೆ ಹತ್ತಿರ ಹಿಡಿದು ಓದಿದಳು.

ಗಾರಿನೊ, ಝೆಲಿ ರುಕೆತ್ ಅವರ ಶಿಷ್ಯ.

ಲಾಮೊನಿಯೆಯವರ ಹೆಸರು ಇರಬೇಕಾದ ಜಾಗದಲ್ಲೇ ತನ್ನ ಹೆಸರು. ಮಸಿ ಎಂದೋ ಒಣಗಿತ್ತು. ಅವಳು ಇನ್ನೊಮ್ಮೆ ಓದಿದಳು.

"ಯಾವಾಗ ಬರೆದ್ರಿ ಇದನ್ನ?"

"ನಿನ್ನ ಕೈಗೆ ಕೊಡೋ ಮುಂಚೆ. ಮೂಲೆಮೂಲೆ ನೋಡು ಅಂದಿರಲಿಲ್ವಾ? ನೀನು ಏನೂ ಹೇಳದೇ ಇದ್ದಾಗ, ಓದಿ ನಾಚ್ಕೊಂಡಿದ್ದೀಯ ಅಂದ್ಕೊಂಡೆ."

"ಬಾಯಲ್ಲಿ ಹೇಳೋಕೇನಾಗಿತ್ತು ನಿಮಗೆ?"

"ನೀನು ಹೇಳಿದ್ದೆಯಾ?"

ಝೆಲಿ ಏಪ್ರನ್ನಿನ ಅಂಚಿನಿಂದ ಮುಖ ಒರೆಸಿಕೊಂಡು, ಹೊಗೆ ಅಂದಳು; ಗ್ಯಾಸಿಗೆ ಹೊಗೆಯಿರಲಿಲ್ಲ. ಐದನೆಯ ಚೂರು ಹಾಳೆಯ ಪಕ್ಕಕ್ಕೆ ಹಿಡಿದ ಕೂಡಲೇ ಇಬ್ಬರೂ ಒಟ್ಟಿಗೇ ಹೂಂ ಅಂದರು. ಹೊಲಿಯಲು ಒಂದೂವರೆ ದಿನವಿತ್ತು, ಮೇಲೆ ಒಂಬತ್ತು ಹೆಂಗಸರು ಸೂಜಿ ಪೋಣಿಸಿಕೊಂಡು ಕಾಯುತ್ತಿದ್ದರು.

ಹಾಳೆಯನ್ನು ಮತ್ತೆ ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದ ಮೇಲೆ ಝೆಲಿ ಹೊಸ ಬಟ್ಟೆಯ ಚೂರನ್ನು ತೆಗೆದುಕೊಂಡಳು. ಕೈ ರೂಢಿಯಂತೆ ಬಲಮೂಲೆಗೆ ಹೋಯಿತು, ಹಾಗೇ ನಿಂತಿತು. ಗುರುಗಳಿಗೆ ಲಂಗ ತೊಡಿಸಲ್ವಾ ಮದಾಮ್ ಅಂತ ಫಿಲೊಮೆನ್ ಕೇಳಿದಳು. ಕೆಲಸ ನೋಡೇ ಅಂದು ಝೆಲಿ ಆ ಚೂರನ್ನು ಎಡಮೂಲೆಗೆ ಚುಚ್ಚಿದಳು.